ಅವನು ಕೆರೆ ಮಾಡಿಸಿ ಹೆಸರು ಬರೆಸಿದ, ನೀನು?

ಚಿತ್ರದುರ್ಗಕ್ಕೆ ಬಂದವರು ಏಳು ಸುತ್ತಿನ ಕೋಟೆ ಹತ್ತುತ್ತಾರೆ, ಓಬವ್ವನ ಕಿಂಡಿಯಲ್ಲಿ ನುಸುಳಿ ಫೋಟೊ ತೆಗೆಸಿಕೊಳ್ಳುತ್ತಾರೆ, ‘ನಾಗರಹಾವು’ ಸಿನಿಮಾದ ರಾಮಾಚಾರಿ ನಿಂತ ಬಂಡೆ ಯಾವುದೆಂದು ಹುಡುಕುತ್ತಾರೆ. ಇನ್ನೂ ಹೊತ್ತು ಉಳಿದರೆ ಚಂದ್ರವಳ್ಳಿಗೆ ಹೋಗುತ್ತಾರೆ. ಅಲ್ಲಿ ಕೆರೆಯಿದೆ, ನೆರಳಿದೆ, ಕೇಳುವವರಿಲ್ಲ. ಆದ್ದರಿಂದ ಬಾಟಲಿ ಒಡೆಯುತ್ತಾರೆ. ಅಲ್ಲೇ ಇರುವ ಅಂಕಲಿ ಮಠದ ಕತ್ತಲ ಕೋಣೆಗಳಿಗೆ ಇಳಿದು, ಮೊಬೈಲ್ ಬೆಳಕಲ್ಲಿ, ಬೀಗದ ಕೈಯಿಂದ ಗೋಡೆ ಕೆರೆದು ತಮ್ಮ ಹೆಸರು, ಪಕ್ಕದಲ್ಲೊಂದು ಹುಡುಗಿಯ ಹೆಸರು, ನಡುವೆ ಬಾಣ ಚುಚ್ಚಿದ ಹೃದಯ ಕೊರೆಯುತ್ತಾರೆ. ಆ ಹುಡುಗಿಯನ್ನೊಂದು ಮಾತು ಕೇಳಿದ್ದರೋ ಇಲ್ಲವೋ!

ಚಂದ್ರವಳ್ಳಿಯ ಬಂಡೆಯ ಮೇಲೆ ಹೆಸರು ಬರೆಸಿದವನು ನಿನಗಿಂತ ಮುಂಚೆ ಒಬ್ಬನಿದ್ದಾನೆ ಕಣಯ್ಯಾ. ಕದಂಬರ ಮಯೂರಶರ್ಮ. ಓದಲೆಂದು ಕಂಚಿಗೆ ಹೋಗಿ, ಅಲ್ಲಿ ಪಲ್ಲವರ ಕುದುರೆ ಸವಾರನೊಡನೆ ಜಗಳವಾಗಿ, ಅವಮಾನ ತಡೆಯಲಾರದೆ ಕತ್ತಿ ಹಿಡಿದವನು ಎಂದು ತಾಳಗುಂದದ ಶಾಸನ ಹೇಳುತ್ತದೆ. ಅವನಿಗೂ ಸಿಟ್ಟಿತ್ತು, ಪ್ರಾಯವಿತ್ತು. ಇಲ್ಲಿ ಭೈರವೇಶ್ವರ ಗುಡಿಯ ಬಳಿ ಅವನು ಬರೆಸಿದ್ದು ಪ್ರಾಕೃತದಲ್ಲಿ ಮೂರೇ ಸಾಲು. ಅದರ ವಿಷಯ ಕೆರೆ. ಅವನು ಕೆರೆ ಮಾಡಿಸಿ ಹೆಸರು ಬರೆಸಿದ. ನೀನು ಕೆರೆಗೆ ಬಾಟಲಿ ಎಸೆದು ಹೆಸರು ಬರೆಯುತ್ತೀಯ.

ಅದೇ ಮೂರು ಸಾಲಲ್ಲಿ ತ್ರೈಕೂಟ, ಆಭೀರ, ಪಲ್ಲವ, ಪುನ್ನಾಟ ಎಂದು ರಾಜ್ಯಗಳ ಉದ್ದ ಪಟ್ಟಿಯನ್ನೇ ಓದಿದವರು ಮೈಸೂರು ಪುರಾತತ್ವ ಇಲಾಖೆಯ ಡಾ. ಎಂ. ಎಚ್. ಕೃಷ್ಣ. ನಂತರದ ವಿದ್ವಾಂಸರು ಆ ಓದನ್ನು ಪೂರ್ತಿ ಒಪ್ಪಲಿಲ್ಲ. ಮೊದಲೇ ಸವೆದ ಅಕ್ಷರಗಳು. ಈ ವಾದಕ್ಕೆ ಸಾಕ್ಷಿಯಾಗಿ ಉಳಿದಿರುವುದು ಆ ಬಂಡೆಯೊಂದೇ. ಅದರ ಮೇಲೆ ಒಂದು ಗೀರು ಬಿದ್ದರೂ ಕರ್ನಾಟಕದ ಚರಿತ್ರೆಯಲ್ಲಿ ಒಂದು ಅಕ್ಷರ ಹೋದಂತೆ.

ಹಗಲಿಗೆ ಹೆಸರು ಕೊರೆಯುವವರಾದರೆ, ರಾತ್ರಿಗೆ ನಿಧಿಗಳ್ಳರು. ದುರ್ಗದ ಸೀಮೆಗೆ ಈ ರೋಗ ಹಳೆಯದು. ಅಮಾವಾಸ್ಯೆ, ನಿಂಬೆಹಣ್ಣು, ಕುಂಕುಮ, ಹಾರೆ, ಗುದ್ದಲಿ. ಪಾಳುಗುಡಿಯ ಲಿಂಗ ಕೀಳುವುದು, ಬಸವಣ್ಣನನ್ನು ಉರುಳಿಸಿ ಅಡಿಯಲ್ಲಿ ತೋಡುವುದು. ಬೆಳಿಗ್ಗೆ ನೋಡಿದರೆ ಒಂದು ಗುಂಡಿ, ನಾಲ್ಕು ಬೀಡಿ ತುಂಡು.

ಚಂದ್ರವಳ್ಳಿಯಲ್ಲಿ ನಾಣ್ಯ ಸಿಕ್ಕಿದ್ದುಂಟು, ಸುಳ್ಳಲ್ಲ. ಶಾತವಾಹನರ ನಾಣ್ಯ ಸಿಕ್ಕಿದೆ. ರೋಮಿನ ಚಕ್ರವರ್ತಿ ಟೈಬೀರಿಯಸ್‌ನ ಬೆಳ್ಳಿ ನಾಣ್ಯ, ಸಮುದ್ರ ದಾಟಿ ಈ ಕಣಿವೆಗೆ ಬಂದದ್ದು, ಸಿಕ್ಕಿದೆ. ಆದರೆ ಅದರ ಬೆಲೆ ಬೆಳ್ಳಿಯದಲ್ಲ. ಪುರಾತತ್ವಜ್ಞ ಮಾರ್ಟಿಮರ್ ವೀಲರ್ 1947ರಲ್ಲಿ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯನ್ನೂ ಚಂದ್ರವಳ್ಳಿಯನ್ನೂ ಅಗೆಸಿದಾಗ ಅವರ ಕಣ್ಣಿದ್ದದ್ದು ಮಣ್ಣಿನ ಪದರಗಳ ಮೇಲೆ. ಟೈಬೀರಿಯಸ್ ಆಳಿದ್ದು ಕ್ರಿ.ಶ. 14ರಿಂದ 37. ಅವನ ನಾಣ್ಯ ಬಿದ್ದ ಪದರ ಅದಕ್ಕಿಂತ ಹಳೆಯದಾಗಲಾರದು. ಆ ಪದರದಲ್ಲಿ ಎಂಥ ಮಡಕೆ ಚೂರಿತ್ತು, ಅದರ ಕೆಳಗೆ ಎಂಥದು, ಮೇಲೆ ಎಂಥದು ಎಂದು ಲೆಕ್ಕ ಹಿಡಿದು, ತಾರೀಖಿಲ್ಲದೆ ಬಿದ್ದಿದ್ದ ದಕ್ಷಿಣ ಭಾರತದ ಹಳೆಯ ಬದುಕಿಗೆ ಕಾಲ ಕಟ್ಟಲು ಹೊರಟರು. ಕಳ್ಳನ ಗುದ್ದಲಿ ಇದೆಲ್ಲವನ್ನೂ ಒಂದು ರಾತ್ರಿಯಲ್ಲಿ ಕಲಸಿಬಿಡುತ್ತದೆ. ಅವನ ಕೈಗೆ ನಾಣ್ಯವೇ ಬಂದರೂ ಅದು ಮೂಗ. ಅಕ್ಕಸಾಲಿ ಕರಗಿಸಿದರೆ ಅದೂ ಇಲ್ಲ.

2019ರಲ್ಲಿ ಹಂಪಿಯಲ್ಲಿ ಹುಡುಗರು ನಿಂತ ಕಂಬವನ್ನು ತಳ್ಳಿ ಬೀಳಿಸಿ ವಿಡಿಯೊ ಮಾಡಿಕೊಂಡರು. ವಿಡಿಯೊ ನಾಡೆಲ್ಲ ಸುತ್ತಿತು, ಪೊಲೀಸರು ಹಿಡಿದರು, ತಲಾ 70,000 ರೂಪಾಯಿ ದಂಡ ಬಿತ್ತು, ಅವರ ಕೈಯಲ್ಲೇ ಕಂಬ ಎತ್ತಿಸಿ ನಿಲ್ಲಿಸಿದರು. ಸಂತೋಷ. ಆದರೆ ಅಗೆದು ಹಾಕಿದ ಮಣ್ಣಿಗೆ ಆ ಭಾಗ್ಯವಿಲ್ಲ. ಯಾವ ಕೋರ್ಟು ಹೇಳಿದರೂ ಎರಡು ಸಾವಿರ ವರ್ಷದ ಪದರವನ್ನು ಯಾರೂ ಮತ್ತೆ ಹಾಸಲಾರರು.

ಕಾನೂನಿಗೇನೂ ಬರವಿಲ್ಲ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಯನ್ನು 2010ರಲ್ಲಿ ತಿದ್ದಿ, ಸಂರಕ್ಷಿತ ಸ್ಮಾರಕ ಕೆಡಿಸಿದವನಿಗೆ ಎರಡು ವರ್ಷದ ತನಕ ಜೈಲು, ಒಂದು ಲಕ್ಷದ ತನಕ ದಂಡ ಎಂದು ಬರೆದಿದ್ದಾರೆ. ನೆಲದಲ್ಲಿ ಸಿಕ್ಕ ನಿಧಿಯನ್ನು ಸರ್ಕಾರಕ್ಕೆ ತಿಳಿಸಬೇಕೆಂಬ ಕಾನೂನು 1878ರಷ್ಟು ಹಿಂದಿನದು. ಬರೆದದ್ದು ಬೋರ್ಡಿನಲ್ಲಿ ತುಕ್ಕು ಹಿಡಿಯುತ್ತದೆ, ಬೋರ್ಡಿನ ಮೇಲೂ ಯಾರೋ ಹೆಸರು ಕೊರೆಯುತ್ತಾರೆ. ಪ್ರವಾಸೋದ್ಯಮ ಎಂದು ವೇದಿಕೆ ಮೇಲೆ ಬಾಯಿ ತುಂಬ ಹೇಳುವವರು, ಒಂದು ಶಾಸನಕ್ಕೆ ಹಗಲು ರಾತ್ರಿ ಇಬ್ಬರು ಕಾವಲುಗಾರರನ್ನು ಇಡುವ ಮಾತು ಬಂದರೆ ಅನುದಾನದ ಕಥೆ ಹೇಳುತ್ತಾರೆ. ಉತ್ಸವದ ಮೈಕಿಗೆ ಎಲ್ಲಿಂದ ಬರುತ್ತದೆ ದುಡ್ಡು?

ಕಾವಲು ಬೇಕು, ರಾತ್ರಿ ಗಸ್ತು ಬೇಕು, ಸಿಕ್ಕಿಬಿದ್ದ ನಿಧಿಗಳ್ಳನ ಜತೆಗೆ ಅವನಿಗೆ ಜಾಗ ತೋರಿಸಿದ ಮಂತ್ರವಾದಿಯ ಮೇಲೂ ಕೇಸು ಬೇಕು. ದುರ್ಗದ ಮೇಷ್ಟ್ರುಗಳೇ, ಮಕ್ಕಳನ್ನು ಕೋಟೆಗೆ ಕರೆದುಕೊಂಡು ಹೋದ ದಿನವೇ ಚಂದ್ರವಳ್ಳಿಗೂ ಕರೆದುಕೊಂಡು ಬನ್ನಿ, ಆ ಮೂರು ಸಾಲಿನ ಮುಂದೆ ನಿಲ್ಲಿಸಿ ಮಯೂರಶರ್ಮನ ಕಥೆ ಹೇಳಿ. ಊರಿನವರೇ, ಕತ್ತಲಾದ ಮೇಲೆ ಆ ಕಣಿವೆಯಲ್ಲಿ ಹಾರೆ ಸದ್ದು ಕೇಳಿದರೆ ನಮಗ್ಯಾಕೆ ಎಂದು ಮಗ್ಗುಲಾಗಬೇಡಿ. 112ಕ್ಕೆ ಫೋನ್ ಮಾಡಿ.