ಗೋಪುರ ದಾಟಿ ಬಂದ ನಗರ

ಲಾಲ್‌ಬಾಗ್‌ಗೆ ಹೋದರೆ ನಾವೆಲ್ಲ ಬಂಡೆ ಹತ್ತಿ ಕೆಂಪೇಗೌಡರ ಗೋಪುರದ ಮುಂದೆ ಸೆಲ್ಫಿ ತೆಗೆದುಕೊಳ್ಳುತ್ತೇವೆ. ಅದು 1760ರಲ್ಲಿ ಹೈದರಾಲಿ ತೋಟ ಹಾಕಿಸುವುದಕ್ಕೂ ಮುಂಚಿನದು. ಹಲಸೂರು, ಕೆಂಪಾಂಬುಧಿ ಕೆರೆ, ಮೇಖ್ರಿ ವೃತ್ತದ ಬಳಿ ಇನ್ನೂ ಮೂರಿವೆ. ಬೆಂಗಳೂರಿನ ಎಲ್ಲೆ ಇಷ್ಟೇ ಎಂಬ ಗುರುತು ಇವು ಅನ್ನುತ್ತಾರೆ ಹಿರಿಯರು.

ಇವತ್ತು ನಾಲ್ಕೂ ನಗರದ ಒಳಗಿವೆ. ಎಲ್ಲೆ ದಾಟಿದ ನಗರ ಹಳ್ಳಿಗಳ ಹೊಲ, ಕೆರೆ, ಗೋಮಾಳ ನುಂಗಿ ಲೇಔಟ್ ಮಾಡಿತು.

240 ಎಕರೆ ಲಾಲ್‌ಬಾಗ್ ಉಳಿಯಲೇಬೇಕು, ಒಪ್ಪಿದೆವು. ಆದರೆ ನಮ್ಮ ಗೋಮಾಳಕ್ಕೆ ದನಿ ಎತ್ತುವ ನಗರದವರು ಎಷ್ಟು ಮಂದಿ? ದೇವನಹಳ್ಳಿ ತಾಲ್ಲೂಕಿನ ರೈತರು ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕೂತ ಮೇಲೆ, 2025ರಲ್ಲಿ ಸರ್ಕಾರ 1,777 ಎಕರೆ ಸ್ವಾಧೀನ ಕೈಬಿಟ್ಟಿತು.

ಗೋಪುರಕ್ಕೆ ಬಣ್ಣ ಬಳಿದರೆ ಸಾಲದು. ಈ ನಗರದ ಎಲ್ಲೆ ಎಲ್ಲಿಗೆ ನಿಲ್ಲುತ್ತದೆ, ಹೇಳಿ.