ಹೆಂಡದಂಗಡಿ ಹೋಗಿ ಊರು ಉದ್ಧಾರ ಆಯ್ತಾ?

"ಹೆಂಡದಂಗಡಿ ಹೋಯ್ತು, ಊರು ಉದ್ಧಾರ ಆಯ್ತು" ಅಂತ ಮೊನ್ನೆ ಡೇರಿ ಹತ್ರ ಒಬ್ರು ಹೇಳಿದ್ರು. ಎಲ್ಲಿ ಆಯ್ತು ತೋರಿಸಿ ಸ್ವಾಮಿ.

ಆ ಅಂಗಡಿ ನಡೆಸಿದ್ದು ನಮ್ಮ ತಾತ, ಆಮೇಲೆ ನಮ್ಮಪ್ಪ. ಹಳ್ಳದ ದಂಡೆಯ ಈಚಲು ಮರದ ಹೆಂಡ. ಬೆಳಗ್ಗೆ ಇಳಿಸಿದ್ದು ಸಿಹಿ, ಸಂಜೆಗೆ ಹುಳಿ, ಮಾರನೇ ದಿನ ಬಾಯಿಗಿಡೋಕಾಗಲ್ಲ. ದಾಸ್ತಾನು ಮಾಡೋ ಮಾತೇ ಇಲ್ಲ. ಗಡಿಗೆ ಖಾಲಿ ಆದ್ರೆ ಅವತ್ತಿನ ವ್ಯಾಪಾರ ಮುಗೀತು. ಗಲ್ಲಾದಲ್ಲಿ ಕೂರ್ತಿದ್ದಿದ್ದು ನಮ್ಮವ್ವ, ಹುರುಳಿ ಗುಗ್ಗರಿನೂ ಅವಳದೇ. ಯಾರ ಮನೇಲಿ ಮಗು ಹುಷಾರಿಲ್ಲ, ಯಾರು ಕೂಲಿ ದುಡ್ಡು ಹಿಡ್ಕೊಂಡು ನೇರ ಇಲ್ಲಿಗೇ ಬಂದವ್ನೆ, ಎಲ್ಲಾ ಗೊತ್ತು ಅವಳಿಗೆ. "ಸಾಕು, ಎದ್ದು ಮನೆಗೆ ಹೋಗ್ಲಾ" ಅಂತ ದುಡ್ಡು ವಾಪಸ್ ಕೊಟ್ಟು ಕಳಿಸಿದ್ದನ್ನ ನಾನೇ ಕಂಡಿದ್ದೀನಿ. ಕುಡಿದು ಹಾಳಾದೋರು ಆಗಲೂ ಇದ್ರು, ಇಲ್ಲ ಅನ್ನಲ್ಲ.

2004ರಲ್ಲಿ ನಮ್ಮ ಕಡೆ ಹೆಂಡ ನಿಂತಿತು. ಪುಡಿ ಬೆರೆಸ್ತಾರೆ ಅನ್ನೋ ದೂರು ಸುಳ್ಳಲ್ಲ, ಕ್ಲೋರಲ್ ಹೈಡ್ರೇಟ್ ಬೆರೆಸೋರು ಇದ್ರು. ಬೆರೆಸಿದವನನ್ನ ಜೈಲಿಗೆ ಹಾಕಬೇಕಿತ್ತು. ಮರ ಏನು ಮಾಡಿತ್ತು? 2007ರ ಜುಲೈನಲ್ಲಿ ಸರಾಯಿನೂ ಹೋಯ್ತು. ಕುಡಿಯೋದು ಹೋಯ್ತಾ? ಹೆಂಡದಲ್ಲಿ ಮದ್ಯದ ಅಂಶ ನೂರಕ್ಕೆ 4-5. ಈಗ ಸಿಗೋ ವಿಸ್ಕಿ ಪ್ಯಾಕೆಟ್ ಮೇಲೆ ಓದಿ, 42.8.

ಅಂಗಡಿ ಕಟ್ಟಡದಲ್ಲಿ ಹುಲ್ಲು ತುಂಬಿಟ್ಟಿದ್ವಿ. ರಸ್ತೆ ಅಗಲ ಮಾಡ್ತೀವಿ ಅಂತ ಬಂದು ಒಂದೇ ಬೆಳಗ್ಗೆ ಜೆಸಿಬಿಲಿ ಕೆಡವಿದ್ರು. ಈಗ ಅದರ ಎದುರಿಗೇ ವೈನ್ಸ್ ಎದ್ದಿದೆ. ಕಬ್ಬಿಣದ ಜಾಲರಿ ಹಿಂದೆ ಕೂತಿರೋ ಹುಡುಗ ಯಾವೂರೋನೋ, ನೋಟು ನೋಡ್ತಾನೆ, ಮುಖ ನೋಡಲ್ಲ. ಅಲ್ಲಿ ಕೊಟ್ಟ ದುಡ್ಡಲ್ಲಿ ಮರದ ಯಜಮಾನನಿಗೆ, ಮರ ಹತ್ತೋನಿಗೆ ಒಂದು ರೂಪಾಯಿ ಬರುತ್ತಾ? ನಮ್ಮ ಗದ್ದೆಗೆ ಬರೋದು ಖಾಲಿ ಪ್ಯಾಕೆಟ್ಟು, ಒಡೆದ ಬಾಟ್ಲಿ. ನಾಟಿ ಹಾಕೋ ಹೆಣ್ಣುಮಕ್ಕಳ ಅಂಗಾಲು ನೋಡಿ ಒಂದ್ಸಲ.

ದಕ್ಷಿಣ ಕನ್ನಡ, ಉಡುಪಿ ಕಡೆ ಇವತ್ತೂ ಶೇಂದಿ ಇಳಿಸ್ತಾರೆ, ಮೂರ್ತೆದಾರರ ಸಹಕಾರ ಸಂಘಗಳೇ ಇವೆ. ಅದೇ ರಾಜ್ಯ, ಅದೇ ವಿಧಾನಸೌಧ. ಘಟ್ಟ ಇಳಿದ್ರೆ ಕಸುಬು, ಹತ್ತಿದ್ರೆ ಕೇಸು! ನಮಗೂ ಹಂಗೇ ಸಂಘ ಮಾಡಿಕೊಡಲಿ, ಮಾದರಿ ತಗೊಂಡು ಪರೀಕ್ಷೆ ಮಾಡಲಿ, ಪುಡಿ ಸಿಕ್ಕರೆ ಲೈಸೆನ್ಸ್ ಕಿತ್ಕೊಳ್ಳಲಿ. ಮುಂದಿನ ಗ್ರಾಮಸಭೇಲಿ ಇದನ್ನೇ ಬರೆದುಕೊಡ್ತೀನಿ, ಸಹಿ ಹಾಕೋರು ಬನ್ನಿ.

ಇನ್ನೊಂದು. ಹಳ್ಳದ ದಂಡೇಲಿ 11 ಈಚಲು ಮರ ಉಳಿದಿವೆ. ಒತ್ತುವರಿ ಮಾಡೋಕೆ ಅಂತ ಯಾರೂ ಅದಕ್ಕೆ ಬೆಂಕಿ ಇಡಬೇಡಿ.