ಪದವಿಚಾರ: ಬದು ಮತ್ತು ಒಡ್ಡು

ಹೊಲದ ಮೇರೆಯಲ್ಲಿ ಏರಿಸಿದ ಮಣ್ಣಿನ ದಿಂಡನ್ನು ಕೆಲವರು ಬದುವೆಂದೂ ಕೆಲವರು ಒಡ್ಡೆಂದೂ ಕರೆಯುತ್ತಾರೆ. ಇವೆರಡೂ ಒಂದೆಯೋ ಬೇರೆಯೋ ಎಂದು ವಾಚಕರೊಬ್ಬರು ಕೇಳಿದ್ದಾರೆ. ವ್ಯವಹಾರದಲ್ಲಿ ಒಂದರ ಬದಲು ಇನ್ನೊಂದು ನಡೆದುಹೋಗುತ್ತದೆ. ಪದಗಳ ಒಳಗನ್ನು ನೋಡಿದರೆ ಮಾತ್ರ ಅಂತರವುಂಟು.

ಬದು ಎಂದರೆ ಹೊಲಹೊಲಗಳ ನಡುವಿನ ಎತ್ತರದ ಮೇರೆ. ಗದ್ದೆಯ ಇದೇ ಮೇರೆಗೆ ಕರಾವಳಿಯಲ್ಲಿ ಹುಣಿ ಎನ್ನುವರು; ಮಲೆನಾಡಿನಲ್ಲಿ ಅದು ಅಂಚು. ಒಡ್ಡು ಎಂಬುದಾದರೋ ಕ್ರಿಯೆಯಿಂದ ಬಂದ ನಾಮ. ಕೈಯೊಡ್ಡು, ಮೈಯೊಡ್ಡು ಎಂಬಲ್ಲಿರುವುದು ಅದೇ ಧಾತು. ಎದುರಿಗೆ ಚಾಚು, ಅಡ್ಡವಾಗಿ ಇಡು ಎಂದರ್ಥ. ಹಳಗನ್ನಡದಲ್ಲಿ ಯುದ್ಧಕ್ಕೆ ಅಣಿಯಾಗಿ ನಿಂತ ಸೇನೆಯೂ ಒಡ್ಡು. ದೊರೆಯು ಪರಿವಾರಸಹಿತನಾಗಿ ಕುಳಿತ ಸಭೆ ಒಡ್ಡೋಲಗ. ಯಕ್ಷಗಾನದವರು ಆ ಪದವನ್ನು ಇಂದಿಗೂ ಜತನದಿಂದ ಉಳಿಸಿಕೊಂಡಿದ್ದಾರೆ. ನನಗೆ ತೋರುವ ಮಟ್ಟಿಗೆ, ಹರಿದುಬರುವ ನೀರಿಗೆ ಎದುರಾಗಿ ನಿಲ್ಲುವುದು ಒಡ್ಡು, ನನ್ನದೆಲ್ಲಿ ಮುಗಿದು ನಿನ್ನದೆಲ್ಲಿ ಮೊದಲಾಯಿತೆಂದು ಹೇಳುವುದು ಬದು. ಒಂದೇ ದಿಂಡು ಎರಡು ಕೆಲಸವನ್ನೂ ಮಾಡುವುದರಿಂದ ಹೆಸರುಗಳು ಬೆರೆತುಹೋದವು.

ಮುಂಬಯಿ ಪ್ರಾಂತದಲ್ಲಿ ಭೂಸುಧಾರಣೆಯ ಯೋಜನೆಗಳಿಗಾಗಿ 1942ರಲ್ಲಿ ಕಾಯ್ದೆಯಾಯಿತು. ಅಂದು ಆ ಪ್ರಾಂತಕ್ಕೆ ಸೇರಿದ್ದ ವಿಜಾಪುರ, ಧಾರವಾಡ, ಬೆಳಗಾವಿಯ ಬೆದ್ದಲು ಸೀಮೆಗಳಲ್ಲಿಯೂ ಇಳಿಜಾರಿಗೆ ಅಡ್ಡವಾಗಿ ಸಮಪಾತಳಿ ಒಡ್ಡು ಹಾಕುವ ಪದ್ಧತಿ ಹಬ್ಬಿತು. ಮಸಾರಿ ನೆಲಕ್ಕೆ ಅದು ಚೆನ್ನಾಗಿ ಒಗ್ಗುತ್ತದೆ. ಆಳವಾದ ಎರೆಯಲ್ಲಿ ಹಾಗಲ್ಲ. ಎರೆಮಣ್ಣು ಬೇಸಗೆಯಲ್ಲಿ ಬಿರಿಯುತ್ತದೆ, ಒಡ್ಡೂ ಬಿರಿಯುತ್ತದೆ, ಮೊದಲ ದೊಡ್ಡ ಮಳೆಗೆ ನೀರು ಆ ಬಿರುಕಿನಲ್ಲಿಯೇ ದಾರಿ ಮಾಡಿಕೊಳ್ಳುತ್ತದೆ. ಆದುದರಿಂದ ಅಲ್ಲಿ ನೀರನ್ನು ಪೂರ್ಣವಾಗಿ ತಡೆಯದೆ, ಸ್ವಲ್ಪ ವಾಟವಿಟ್ಟು ಹೆಚ್ಚಿನದು ಕಲ್ಲಿನ ಕೋಡಿಯ ಮೂಲಕ ಹೊರಬೀಳುವಂತೆ ಮಾಡುವುದೇ ಯುಕ್ತ.

ಇಷ್ಟು ವಿಸ್ತರಿಸಿದ್ದಕ್ಕೆ ಕಾರಣವುಂಟು. ಅಣ್ಣತಮ್ಮಂದಿರು ಪಾಲಾದ ಮನೆತನಗಳಲ್ಲಿ ಬದು ವರುಷ ವರುಷಕ್ಕೆ ಸಣ್ಣದಾಗುತ್ತಿರುವುದನ್ನು ನಾವೆಲ್ಲ ಕಾಣುತ್ತಿದ್ದೇವೆ. ಈಚೆಯವನು ಒಂದು ಸಾಲು ಒಳಗೆ ಹೊಡೆಯುತ್ತಾನೆ. ಆಚೆಯವನು ಅದನ್ನು ನೋಡಿ ಎರಡು ಸಾಲು ಹೊಡೆಯುತ್ತಾನೆ. ಮಾತು ನಿಲ್ಲುತ್ತದೆ, ಮದುವೆಯ ಕರೆಯೋಲೆ ನಿಲ್ಲುತ್ತದೆ, ವಕೀಲರ ಮನೆಯ ಓಡಾಟ ಪ್ರಾರಂಭವಾಗುತ್ತದೆ. ಲಾಭವೆಷ್ಟು? ನೂರು ಮೀಟರು ಉದ್ದದ ಬದುವಿನಿಂದ ಒಂದು ಮೀಟರು ಅಗಲವನ್ನು ಕಿತ್ತರೆ ದೊರೆಯುವುದು ಸುಮಾರು ಒಂದು ಗುಂಟೆ, ಅಂದರೆ ಎಕರೆಯ ನಲವತ್ತರಲ್ಲೊಂದು ಪಾಲು. ಹಾನಿಯನ್ನೂ ಎಣಿಸೋಣ. ತಡೆಯಿಲ್ಲದೆ ಹರಿದ ನೀರು ಒಂದು ಎಕರೆಯ ಮೇಲಿನಿಂದ ಒಂದೇ ಸೆಂಟಿಮೀಟರು ಮಣ್ಣನ್ನು ಒಯ್ದರೂ ಅದು 40 ಘನಮೀಟರು. ಹೋಗುವುದು ಮೇಲಿನ ಫಲವತ್ತಾದ ಪದರವೇ.

ಬದುವಿನ ಉಪಯೋಗ ಮೇರೆಯಷ್ಟೇ ಅಲ್ಲವೆಂಬುದನ್ನು ಮನೆಯ ತಾಯಂದಿರು ಬಲ್ಲರು. ದನಕ್ಕೆ ಹುಲ್ಲು, ಒಲೆಗೆ ಪುಳ್ಳೆ, ಬೇವು ಬನ್ನಿಗಳ ನೆರಳು ಅಲ್ಲಿಯದು. ಎಳ್ಳಮಾಸಿಯಂದು ಬನ್ನಿಯ ಬುಡದಲ್ಲಿ ಐದು ಕಲ್ಲುಗಳನ್ನಿಟ್ಟು ಪೂಜಿಸಿ, ಚರಗ ಚೆಲ್ಲಿ, ಸಜ್ಜೆಯ ರೊಟ್ಟಿ, ಕಡುಬು, ಪುಂಡಿಪಲ್ಲೆಯ ಬುತ್ತಿಯನ್ನು ಬಿಚ್ಚಿ ಕುಳಿತುಕೊಳ್ಳುವುದು ಬಹುಮಟ್ಟಿಗೆ ಬದುವಿನ ಮೇಲೆಯೇ. ಆಗ ಆಚೆಯ ಹೊಲದವರನ್ನೂ ಕೂಗಿ ಕರೆಯುವುದು ವಾಡಿಕೆ.

ತಕರಾರಿರುವ ಮನೆಯವರಿಗೆ ಒಂದು ಸೂಚನೆ. ನೇಗಿಲಿನಿಂದ ಮೇರೆಯನ್ನು ನಿರ್ಣಯಿಸಹೋಗಬೇಡಿರಿ. ಭೂಮಾಪನ ಇಲಾಖೆಗೆ ಹದ್ದುಬಸ್ತಿನ ಅರ್ಜಿ ಕೊಟ್ಟು ಅಳತೆ ಮಾಡಿಸಿರಿ. ಅಳೆಯುವ ದಿನ ಎರಡೂ ಕಡೆಯ ಹಿರಿಯರು ಹೊಲದಲ್ಲಿರಲಿ. ಕಲ್ಲು ನೆಟ್ಟ ಮೇಲೆ ಇಬ್ಬರೂ ಸಮವಾಗಿ ಖರ್ಚು ಹಾಕಿ, ಮುಂಗಾರಿಗೆ ಮೊದಲೇ ಮಣ್ಣು ಏರಿಸಿ, ಹುಲ್ಲಿನ ಗಡ್ಡೆಗಳನ್ನು ನೆಡಿಸಿರಿ. ಬೇರು ಹಿಡಿಯಲು ಒಂದು ಮಳೆಗಾಲ ಬೇಕಾಗುತ್ತದೆ. ಅಷ್ಟರವರೆಗೆ ದನಗಳನ್ನು ಅದರ ಮೇಲೆ ಬಿಡಬಾರದು.